ಉಪ್ಪು ಬಿಟ್ಟ ಮರ

ಗಂಗೊಳ್ಳಿಯ ನನ್ನ ಗೆಳೆಯರು ಕಟ್ಟಿಸುತ್ತಿದ್ದ ಹಾಯಿದೋಣಿಯಲ್ಲಿ ನನಗೆ ಯಾವ ಪಾಲೂ ಇರಲಿಲ್ಲ. ಅದರ ಮರದಲ್ಲಿ ಮಾತ್ರ ಒಂದು ತುಂಡಿನ ಪಾಲು ದೊರೆಯಿತು. ಅವರ ಹಿತ್ತಿಲಿನ ಹೆಬ್ಬಲಸಿನ ಮರವೊಂದು ಮಳೆಗಾಲದ ಗಾಳಿಗೆ ಬುಡಸಮೇತ ಉರುಳಿತ್ತು. ಅಪ್ಪನ ಕಾಲದ ಮಚ್ವೆಯ ನೆನಪಿಗೆ ಒಂದು ಚಿಕ್ಕ ಹಾಯಿದೋಣಿಯನ್ನಾದರೂ ಕಟ್ಟಬೇಕೆಂದು ಬಹುಕಾಲದಿಂದ ಹೇಳುತ್ತಿದ್ದ ಗೆಳೆಯರು, ಅನುಮತಿಯ ಕಾಗದಪತ್ರಗಳನ್ನು ಮುಗಿಸಿಕೊಂಡು ಆ ಮರವನ್ನು ಹಲಗೆಗಳಾಗಿ ಸೀಳಿಸಿದರು. ದೋಣಿಗೆ ಬೇಕಾದುದು ಉದ್ದ. ಹಲಗೆಗೆ ಹಲಗೆ ಜೋಡಿಸಿದಷ್ಟೂ ನೀರು ಒಳಬರುವ ದಾರಿಗಳು ಹೆಚ್ಚುತ್ತವೆಯಾದ್ದರಿಂದ, ಬುಡದ ಕಡೆಯ ಮೂರೂಕಾಲು ಅಡಿಯ ತುಂಡು ಯಾವ ಲೆಕ್ಕಕ್ಕೂ ಬಾರದೆ ದೋಣಿಯ ಚಪ್ಪರದ ಕೆಳಗೆ ಕುಳಿತುಕೊಳ್ಳುವ ಪೀಠವಾಗಿ ಉಳಿಯಿತು. ಮೂರು ವರ್ಷಗಳ ಕಾಲ, ಅಲ್ಲಿಗೆ ಹೋದಾಗಲೆಲ್ಲ, ನಾನು ಅದರ ಮೇಲೆ ಕುಳಿತು ಚಹ ಕುಡಿದಿದ್ದೇನೆ.

ನಾನು ಚಿಂತಾಮಣಿಯ ಕಡೆಯವನು. ಕಾಲೇಜಿನ ಕೆಲಸ ಸಿಕ್ಕಿ ಕುಂದಾಪುರಕ್ಕೆ ಬಂದು ನೆಲೆಸಿದವನು. ನಮ್ಮ ತಾತ ಊರಿನ ಭಜನೆಮನೆಯಲ್ಲಿ ತತ್ತ್ವಪದಗಳನ್ನು ಹಾಡುತ್ತಿದ್ದರು. ಅವರ ತಂಬೂರಿಯನ್ನು ಅವರು ಹೋದ ಮೇಲೆ ನಡುಮನೆಯ ಗೂಟಕ್ಕೆ ನೇತುಹಾಕಿದ್ದೆವು. ಒಂದು ಹಬ್ಬಕ್ಕೆ ಸುಣ್ಣ ಬಳಿಯುವಾಗ ಅದು ಕೆಳಗೆ ಬಿದ್ದು, ನಾದ ತುಂಬುವ ಅದರ ಹೊಟ್ಟೆ, ಕುಡ, ಒಡೆಯಿತು. ಒಡೆದದ್ದನ್ನು ಮನೆಯಲ್ಲಿಡಬಾರದೆಂದು ಯಾರೋ ಹೇಳಿದರು, ಮರುದಿನ ಬಚ್ಚಲ ಒಲೆಯಲ್ಲಿ ನೀರು ಕಾಯಿತು. ಬುಗುರಿ ಮಾಡಿಕೊಳ್ಳಬಹುದೆಂಬ ಆಸೆಗೆ ನಾನು ಎತ್ತಿಟ್ಟುಕೊಂಡಿದ್ದ, ತಂತಿ ಬಿಗಿಯುವ ಒಂದು ಬಿರಡೆ ಮಾತ್ರ ಉಳಿಯಿತು. ಚಪ್ಪರದ ಕೆಳಗಿನ ಪೀಠದ ಉದ್ದ, ತಾತನ ತಂಬೂರಿಯ ಉದ್ದಕ್ಕೆ ಹೆಚ್ಚುಕಡಿಮೆ ಸಮವೆಂದು ಹೊಳೆಯಲು ನನಗೆ ಮೂರು ವರ್ಷ ಬೇಕಾಯಿತು. ಕೇಳಿದೆ; ಗೆಳೆಯರು ನಕ್ಕು, ಅದನ್ನು ಅಗತ್ಯವಿದ್ದಷ್ಟು ದಪ್ಪಕ್ಕೆ ಸೀಳಿಸಿ, ಗೋಣಿಚೀಲದಲ್ಲಿ ಸುತ್ತಿಸಿಕೊಟ್ಟರು. ದಾರಿಯಲ್ಲಿ ಅಂಚು ಸೀಳದಿರಲೆಂದು ಚೀಲದ ಎರಡು ತುದಿಗಳಲ್ಲೂ ದೋಣಿಯ ಸಂದಿಗೆ ತುಂಬುವ ಹತ್ತಿಯನ್ನು ಗಿಡಿದಿದ್ದರು.

ಮೊದಲ ದಿನ

ರಾತ್ರಿಯ ರೈಲಿನಲ್ಲಿ ಘಟ್ಟ ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದಾಗ, ಇಪ್ಪತ್ತೈದು ಕಿಲೋ ತೂಕದ ಮರದ ತುಂಡು ಎಷ್ಟು ಭಾರ ಎಂಬುದು ನನ್ನ ಹೆಗಲಿಗೆ ತಿಳಿಯಿತು. ಮೆಜೆಸ್ಟಿಕ್‌ನಲ್ಲಿ ಚಿಂತಾಮಣಿಯ ಬಸ್ಸು ಹತ್ತುವಾಗ ನಿರ್ವಾಹಕರು ಗೋಣಿಚೀಲವನ್ನು ಕಾಲಿನಿಂದ ಮುಟ್ಟಿ ನೋಡಿ, ಇದಕ್ಕೆ ಲಗೇಜು ಟಿಕೆಟ್ ಆಗಬೇಕೆಂದರು. ತಂಬೂರಿ ಮಾಡಿಸಲು ಒಯ್ಯುತ್ತಿರುವ ಮರವೆಂದು ವಿವರಿಸಿದೆ. ಅವರು ಟಿಕೆಟ್ ಹರಿಯುತ್ತಲೇ, ತಂಬೂರಿ ಮೀಟಿದವನು ಭವಸಾಗರವನ್ನು ದಾಟುತ್ತಾನೆಂಬ ದಾಸರ ಮಾತನ್ನು ನೆನಪಿಸಿದರು. ಅಂದು ಅದೇ ಮಾತನ್ನು ನನಗೆ ಹೇಳಿದವರಲ್ಲಿ ಅವರು ಎರಡನೆಯವರು. ರೈಲಿನಲ್ಲಿ ಎದುರು ಕುಳಿತಿದ್ದ ಹಿರಿಯರು ಮೊದಲಿಗರು. ಮರ ನಿಜವಾಗಿಯೂ ದೋಣಿಯದ್ದೇ ಎಂದು ಹೇಳಿದ್ದರೆ ಇಬ್ಬರೂ ಇನ್ನಷ್ಟು ಸಂತೋಷಪಡುತ್ತಿದ್ದರೇನೋ, ಆದರೆ ಲಗೇಜಿನ ದರ ಹೆಚ್ಚಾದೀತೆಂಬ ಅಳುಕಿನಿಂದ ಹೇಳಲಿಲ್ಲ.

ಹೊಸಕೋಟೆ ದಾಟಿದ ಮೇಲೆ ನೆಲದ ಬಣ್ಣ ಕೆಂಪಾಗುತ್ತದೆ. ನೀಲಗಿರಿ ತೋಪು, ಹಿಪ್ಪುನೇರಳೆಯ ಸಾಲು, ಕೋಲು ನೆಟ್ಟು ಕಟ್ಟಿದ ಟೊಮೆಟೊ ಗಿಡ, ದ್ರಾಕ್ಷಿಯ ಚಪ್ಪರ, ಅವುಗಳ ಹಿಂದೆ ಬೋಳು ಬಂಡೆಗಳ ಬೆಟ್ಟ. ಫೆಬ್ರುವರಿಯ ಮಧ್ಯಭಾಗವಾದ್ದರಿಂದ ಗಾಳಿಯಲ್ಲಿ ಪಸೆ ಎಂಬುದೇ ಇರಲಿಲ್ಲ. ಕರಾವಳಿಯಲ್ಲಿ ಸದಾ ಅಂಟಂಟಾಗಿರುವ ಅಂಗಿ ಇಲ್ಲಿ ಗರಿಗರಿಯಾಗಿ ಬೆನ್ನಿನಿಂದ ಬೇರ್ಪಟ್ಟಿತು. ನಾನು ಚಿಕ್ಕವನಾಗಿದ್ದಾಗ ಇದೆಲ್ಲವೂ ಕೋಲಾರ ಜಿಲ್ಲೆಯೇ ಆಗಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ತಾತನ ವಯಸ್ಸಿನವರು ಮಾತ್ರ ಇಂದಿಗೂ ವಿಳಾಸ ಹೇಳುವಾಗ ಕೋಲಾರ ಜಿಲ್ಲೆ ಎಂದೇ ಆರಂಭಿಸಿ, ಅರ್ಧದಲ್ಲಿ ತಿದ್ದಿಕೊಳ್ಳುತ್ತಾರೆ.

ತಂಬೂರಿ ಮಾಡುವ ಬಡಗಿ ಆಚಾರ್ಯರ ಕೆಲಸದ ಮನೆ ಚಿಂತಾಮಣಿಯಿಂದ ಕೆಲವೇ ಮೈಲಿ ದೂರದ ಹಳ್ಳಿಯಲ್ಲಿದೆ. ಊರಿನವರು ಅವರನ್ನು ‘ಆಚಾರ್ರು’ ಎನ್ನುತ್ತಾರೆ. ತಾತನ ತಂಬೂರಿಯನ್ನು ಮಾಡಿದವರು ಇವರ ತಂದೆ. ಬಾಗಿಲು, ಕಿಟಕಿ, ದೇವರ ಮಂಟಪಗಳೇ ಅವರ ಅನ್ನ. ತಂಬೂರಿ ವರ್ಷಕ್ಕೆ ಎರಡೋ ಮೂರೋ ಆದರೆ ಹೆಚ್ಚು. ಗೋಣಿಚೀಲ ಬಿಚ್ಚಿ ಮರವನ್ನು ಬೆಂಚಿನ ಮೇಲೆ ಮಲಗಿಸಿದಾಗ ಅವರು ಅದನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಹೆಬ್ಬಲಸನ್ನು ಅವರು ಅದುವರೆಗೆ ಮುಟ್ಟಿರಲಿಲ್ಲ. ಬಯಲುಸೀಮೆಯಲ್ಲಿ ತಂಬೂರಿಗೆ ಹಲಸು. ವೀಣೆಗೂ ಹಲಸು, ಮೃದಂಗದ ಗೂಡಿಗೂ ಹಲಸು. ಹೆಬ್ಬಲಸು ಅದೇ ಕುಲದ ಕಾಡುಮರ, ಪಶ್ಚಿಮ ಘಟ್ಟದ ಮಳೆಯಲ್ಲಿ ನೆಟ್ಟಗೆ ಎತ್ತರಕ್ಕೆ ಬೆಳೆಯುವಂಥದ್ದು. ಮಲಯಾಳಿಗಳು ಆಂಜಿಲಿ ಎಂದು ಕರೆದು, ನೂರು ಅಡಿಗೂ ಮೀರಿದ ತಮ್ಮ ಹಾವುದೋಣಿಗಳನ್ನು ಕಟ್ಟುವುದು ಇದರಲ್ಲಿಯೇ. ನೀರಿಗೂ ಗೆದ್ದಲಿಗೂ ಸುಲಭವಾಗಿ ಬಗ್ಗದ ಗುಣ ಎರಡಕ್ಕೂ ಇದೆ. ನಾನು ಇದನ್ನೆಲ್ಲ ಪಾಠದಂತೆ ಒಪ್ಪಿಸುತ್ತಿರುವಾಗ ಆಚಾರ್ಯರು ಉಳಿಯಿಂದ ತುದಿಯ ಒಂದು ಚಕ್ಕೆಯನ್ನು ಎಬ್ಬಿಸಿ, ಮೂಸಿ, ಬಾಯಿಗೆ ಹಾಕಿಕೊಂಡು ಜಗಿದರು. ಆಮೇಲೆ ಹೊರಗೆ ಹೋಗಿ ಉಗಿದು ಬಂದರು.

“ಉಪ್ಪೈತೆ ಮೇಷ್ಟ್ರೇ,” ಎಂದರು.

ಗೆಳೆಯರಿಗೆ ಫೋನ್ ಮಾಡಿ ಕೇಳಿದಾಗ ವಿಷಯ ಹೊರಬಿತ್ತು. ಸೀಳಿಸುವ ಮೊದಲು ದಿಮ್ಮಿಯನ್ನು ಒಂದು ತಿಂಗಳು ಅಳಿವೆಯ ಹಿನ್ನೀರಿನಲ್ಲಿ ಮುಳುಗಿಸಿಟ್ಟಿದ್ದರು. ಕರಾವಳಿಯ ದೋಣಿ ಬಡಗಿಗಳಿಗೆ ಅದು ಸಹಜವಾದ ಪದ್ಧತಿ. ಮರದ ರಸ ಇಳಿಯುತ್ತದೆ, ಹುಳು ಹಿಡಿಯುವುದಿಲ್ಲ, ಬಿಸಿಲಿಗೆ ಸಿಕ್ಕಿ ಸೀಳುವ ಭಯವೂ ಇಲ್ಲ. ದೋಣಿ ಹೇಗೂ ಉಪ್ಪುನೀರಿನಲ್ಲಿಯೇ ಬದುಕಬೇಕು. ಆದರೆ ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುವ ವಸ್ತು. ಉಪ್ಪು ಸೇರಿದ ಮರ ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮೋಡ ಕವಿದ ದಿನ ಒಳಗಿನಿಂದಲೇ ತೇವವಾಗುತ್ತದೆ, ಅದರ ಮೇಲೆ ಎಳೆದ ಉಕ್ಕಿನ ತಂತಿಗೆ ಬೇಗನೆ ತುಕ್ಕು ಹಿಡಿಯುತ್ತದೆ. ನಾಲ್ಕು ದಿನಗಳ ರಜೆ ಹಾಕಿ, ತಂಬೂರಿಯೊಂದಿಗೆ ಹಿಂದಿರುಗುವ ಲೆಕ್ಕಾಚಾರದಲ್ಲಿ ಬಂದಿದ್ದ ನನಗೆ ಆಚಾರ್ಯರು ಹೇಳಿದ್ದು ಇಷ್ಟು: “ಕೆತ್ತಿ ನೋಡೋಣ. ಒಳಗೆ ಎಷ್ಟು ದೂರ ಹೋಗೈತೋ, ಅದರ ಮೇಲೆ ಮಾತು.”

ಎರಡನೆಯ ದಿನ

ಬೆಳಗ್ಗೆ ಏಳಕ್ಕೆಲ್ಲ ಗರಗಸದ ಸದ್ದು ಕೇಳಿಸಿತು. ನಾನು ಹೋಗುವಷ್ಟರಲ್ಲಿ ಆಚಾರ್ಯರು ಎರಡು ತುದಿಗಳಿಂದಲೂ ಎರಡೆರಡು ಬೆರಳಿನಷ್ಟನ್ನು ಕತ್ತರಿಸಿ, ಪ್ರತಿ ಬಿಲ್ಲೆಯನ್ನೂ ನೆಕ್ಕಿ ನೋಡಿ, ಸಾಲಾಗಿ ಜೋಡಿಸಿದ್ದರು. ಮರದಲ್ಲಿ ನೀರು ಎಳೆಯ ಉದ್ದಕ್ಕೆ ಬೇಗ ಹರಿಯುತ್ತದೆ, ಎಳೆಗೆ ಅಡ್ಡಲಾಗಿ ಬಹಳ ನಿಧಾನ. ಹಾಗಾಗಿ ಉಪ್ಪು ಹೆಚ್ಚಾಗಿ ಸೇರುವುದು ಕತ್ತರಿಸಿದ ತುದಿಗಳಿಂದ. ಮೂರನೆಯ ಬಿಲ್ಲೆಯ ಹೊತ್ತಿಗೆ ರುಚಿ ಬಹಳ ಕಡಿಮೆಯಾಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಇನ್ನೂ ಕತ್ತರಿಸಿದರೆ ತಂಬೂರಿಯ ಉದ್ದವೇ ಉಳಿಯುವುದಿಲ್ಲ. ಆಚಾರ್ಯರ ತೀರ್ಮಾನ ಹೀಗಿತ್ತು: ಮೊದಲು ಒರಟಾಗಿ ತೋಡಿಬಿಡುವುದು, ಹೊಟ್ಟೆಯ ಮರವೆಲ್ಲ ಹೋಗಿ ಗೋಡೆ ಒಂದು ಅಂಗುಲಕ್ಕೆ ಇಳಿದರೆ ಸಿಹಿನೀರಿನಲ್ಲಿ ನೆನೆಸಿ ಉಳಿದ ಉಪ್ಪನ್ನು ಎಳೆಯಬಹುದು, ಆಮೇಲೆ ನೆರಳಿನಲ್ಲಿ ಒಣಗಿಸುವುದು.

ಇಡೀ ದಿನ ತೋಡುವ ಕೆಲಸ ನಡೆಯಿತು. ಮರದ ಮೇಲೆ ಸೀಸದ ಕಡ್ಡಿಯಿಂದ ದಂಡಿಯ ಗೆರೆ, ಕುಡದ ಗೆರೆ ಎಳೆದರು. ಬಾಚಿಯಿಂದ ಹೊರ ಆಕಾರವನ್ನು ಇಳಿಸಿ, ಕಾಲಿನಲ್ಲಿ ಒತ್ತಿ ಹಿಡಿದು, ಕೊಡತಿ ಉಳಿಗಳಿಂದ ಒಳಗನ್ನು ಬಗೆಯತೊಡಗಿದರು. ಕುಡ, ದಂಡಿ ಎರಡೂ ಒಂದೇ ಕೊರಡಿನಲ್ಲಿ, ಜೋಡಣೆ ಇಲ್ಲ. ವೀಣೆಯಲ್ಲಿ ಇಂಥದ್ದನ್ನು ಏಕಾಂಡ ಎನ್ನುತ್ತಾರೆ, ಬೆಲೆಯೂ ಹೆಚ್ಚು. ಹಳ್ಳಿಯ ತಂಬೂರಿಗೆ ಅಂಥ ಹೆಸರೇನೂ ಇಲ್ಲ, ಚಿಕ್ಕದಾದ್ದರಿಂದ ಹಾಗೆ ಮಾಡುವುದೇ ಸುಲಭ. ಹೊಸದಾಗಿ ಕತ್ತರಿಸಿದ ಮರ ಹಳದಿಯಾಗಿ ಹೊಳೆಯುತ್ತಿತ್ತು. ಹಲಸಿನಂತೆ ಇದೂ ಗಾಳಿ ಬೆಳಕಿಗೆ ಒಡ್ಡಿಕೊಂಡಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಗಂಗೊಳ್ಳಿಯಲ್ಲಿ ದೋಣಿಯ ಹಲಗೆಗಳು ಆಗಲೇ ಜೇನುತುಪ್ಪದ ಬಣ್ಣಕ್ಕೆ ಬಂದಿದ್ದವು.

ಆಚಾರ್ಯರು ಸಮುದ್ರವನ್ನು ನೋಡಿದವರಲ್ಲ. ನೋಡದಿದ್ದುದರಿಂದಲೇ ಅವರ ಪ್ರಶ್ನೆಗಳು ಕೆಲಸಗಾರನ ಪ್ರಶ್ನೆಗಳಾಗಿದ್ದವು. ಅಲೆ ಎಷ್ಟು ಎತ್ತರ, ಮೀನು ಎಷ್ಟು ದೊಡ್ಡದು ಎಂದು ಅವರು ಕೇಳಲಿಲ್ಲ. ಹಲಗೆಯನ್ನು ಬಗ್ಗಿಸುವುದು ಹೇಗೆ? ಮೊಳೆ ಹೊಡೆಯುತ್ತಾರೆಯೇ? ಹೊಡೆದರೆ ಅದರ ಸುತ್ತ ಮರ ಕೊಳೆಯುವುದಿಲ್ಲವೇ? ನಾನು ನೋಡಿದಷ್ಟನ್ನು ಹೇಳಿದೆ. ಹಿಂದೆ ನಮ್ಮ ಕರಾವಳಿಯಲ್ಲಿ ಮೊಳೆಯನ್ನೇ ಬಳಸದೆ, ಹಲಗೆಗಳ ಅಂಚಿನಲ್ಲಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ದೋಣಿಗಳಿದ್ದವೆಂದೂ, ಈಗ ತಾಮ್ರದ ಮೊಳೆಗಳನ್ನು ಬಳಸುತ್ತಾರೆಂದೂ, ಎರಡು ಹಲಗೆಗಳ ನಡುವಿನ ಸಂದಿಗೆ ಹತ್ತಿಯ ಎಳೆಯನ್ನು ಉಳಿಯಂಥ ಸಾಧನದಿಂದ ಹೊಡೆದು ತುಂಬಿ, ಮೇಲೆ ರಾಳ ಎಣ್ಣೆಗಳ ಮಿಶ್ರಣ ಬಳಿಯುತ್ತಾರೆಂದೂ ವಿವರಿಸಿದೆ. ಹೊಸ ದೋಣಿಯನ್ನು ನೀರಿಗೆ ಇಳಿಸಿದ ಮೊದಲ ರಾತ್ರಿ ಅದು ಸೋರಿಯೇ ಸೋರುತ್ತದೆ. ಯಾರೂ ಗಾಬರಿಯಾಗುವುದಿಲ್ಲ. ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತ ಕಾಯುತ್ತಾರೆ. ಹಲಗೆಗಳು ನೀರು ಕುಡಿದು ಉಬ್ಬಿ, ಒಂದನ್ನೊಂದು ಒತ್ತಿಕೊಂಡು, ಸಂದಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ತಿಂಗಳುಗಟ್ಟಲೆ ದಡದ ಮೇಲೆ ಬಿಸಿಲಿನಲ್ಲಿ ಬಿಟ್ಟ ದೋಣಿ ಬಿರಿಯುವುದೂ ಇದೇ ಕಾರಣಕ್ಕೆ.

ಆಚಾರ್ಯರು ಉಳಿಯನ್ನು ಕೆಳಗಿಟ್ಟು ಇದನ್ನು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, “ಅಂಗಂದ್ರೆ ಅವರ ಕೆಲಸ ನೀರು ಮುಗಿಸುತ್ತೆ. ನಮ್ಮ ಕೆಲಸ ನೀರು ಕೆಡಿಸುತ್ತೆ,” ಎಂದರು.

ನನ್ನ ಇಡೀ ಪ್ರವಾಸದಲ್ಲಿ ಈ ಎರಡು ವಸ್ತುಗಳ ಸಂಬಂಧದ ಬಗ್ಗೆ ಕೇಳಿದ ಅತ್ಯಂತ ನಿಖರವಾದ ಮಾತು ಅದು. ಮರದ ಒಣತೂಕದ ಸುಮಾರು ಶೇಕಡಾ 30ರಷ್ಟು ನೀರು ಅದರ ಎಳೆಗಳ ಗೋಡೆಯಲ್ಲಿಯೇ ನಿಲ್ಲಬಲ್ಲದು. ಆ ಮಟ್ಟದಿಂದ ಕೆಳಗೆ ಇಳಿದ ಮೇಲೆಯೇ ಮರ ಕುಗ್ಗಲು ಆರಂಭಿಸುವುದು. ಕುಗ್ಗುವುದೂ ಉದ್ದಕ್ಕಲ್ಲ, ಅಗಲಕ್ಕೆ. ದೋಣಿ ಕಟ್ಟುವವನು ಆ ಅಗಲದ ಹಿಗ್ಗುವಿಕೆಯನ್ನು ಕೂಲಿಯಿಲ್ಲದ ಕೆಲಸಗಾರನಂತೆ ದುಡಿಸಿಕೊಳ್ಳುತ್ತಾನೆ. ತಂಬೂರಿ ಮಾಡುವವನಿಗೆ ಅದೇ ಶತ್ರು: ಮೂರು ನಾಲ್ಕು ಮಿಲಿಮೀಟರಿನಷ್ಟು ತೆಳುವಾದ ಮೇಲ್ಹಲಗೆಯನ್ನು ಕುಡದ ಅಂಚಿಗೆ ಅಂಟಿಸಿದ ಮೇಲೆ ಅದು ಅಗಲಕ್ಕೆ ಕುಗ್ಗಿದರೆ ಸೀಳು, ಹಿಗ್ಗಿದರೆ ಡೊಂಕು. ಒಂದೇ ಬುಡದ ಮರ, ಒಬ್ಬನ ಕೈಯಲ್ಲಿ ನೀರು ಕುಡಿದಷ್ಟೂ ಗಟ್ಟಿ, ಇನ್ನೊಬ್ಬನ ಕೈಯಲ್ಲಿ ಬಿಟ್ಟಷ್ಟೂ ಗಟ್ಟಿ.

ಮಧ್ಯಾಹ್ನ ಮುದ್ದೆ, ಕಾಳಿನ ಸಾರು. ಆಚಾರ್ಯರ ಮನೆಯವರು ಬಡಿಸುತ್ತ, ಅಷ್ಟು ದೂರದಿಂದ ಕೊರಡು ಹೊತ್ತು ತಂದವರನ್ನು ಇದೇ ಮೊದಲು ನೋಡುತ್ತಿರುವುದೆಂದು ತೆಲುಗಿನಲ್ಲಿ ಗಂಡನಿಗೆ ಹೇಳಿದರು. ಈ ಸೀಮೆಯಲ್ಲಿ ನನಗೂ ತೆಲುಗು ಅರ್ಥವಾಗುತ್ತದೆಂಬುದನ್ನು ಅವರು ಮರೆತಿದ್ದರು, ನಾನೂ ನೆನಪಿಸಲಿಲ್ಲ. ಊಟದ ನಂತರ ಜೇಬಿನಿಂದ ತಾತನ ಬಿರಡೆಯನ್ನು ತೆಗೆದು ತೋರಿಸಿದೆ. ಆಚಾರ್ಯರು ಅದರ ತಲೆಯ ಮೇಲಿನ ಸಣ್ಣ ಕಚ್ಚನ್ನು ಹೆಬ್ಬೆರಳಿನಿಂದ ಸವರಿ, ತಮ್ಮಪ್ಪನ ಕೈಗುರುತೆಂದು ಗುರುತಿಸಿದರು. ಹೊಸ ತಂಬೂರಿಗೆ ಅದನ್ನು ಹಾಕಬಹುದೇ ಎಂದು ಕೇಳಿದ್ದಕ್ಕೆ, ಸವೆದಿದೆ, ಜಾರುತ್ತದೆ, ತಂತಿ ನಿಲ್ಲುವುದಿಲ್ಲ ಎಂದು ಹೇಳಿ ಹಿಂದಿರುಗಿಸಿದರು.

ಸಂಜೆಗೆ ಕುಡ ಒಂದು ದೊಡ್ಡ ಮರದ ಸೌಟಿನಂತೆ ಆಕಾರಕ್ಕೆ ಬಂದಿತ್ತು. ಇನ್ನು ನೆನೆಸಬೇಕು. ಅಂಗಳದ ಕೊಳಾಯಿ ತೋರಿಸಿದೆ. ಆಚಾರ್ಯರು ತಲೆಯಾಡಿಸಿದರು. ಸಾವಿರ ಅಡಿಗೂ ಆಳದ ಕೊಳವೆಬಾವಿಯ ನೀರು ಅದು. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಈ ಎರಡೂ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡು ಸೇರಿ ಹಲ್ಲು ಮೂಳೆಗಳನ್ನು ಕೆಡಿಸುತ್ತಿರುವುದು ಹೊಸ ಸುದ್ದಿಯೇನಲ್ಲ; ನಿತ್ಯಹರಿಯುವ ನದಿಯೊಂದೂ ಇಲ್ಲದ ಸೀಮೆಯಲ್ಲಿ ಕೆರೆಗಳನ್ನು ಬಿಟ್ಟು ನೆಲವನ್ನು ಕೊರೆಯಲು ಹೊರಟುದರ ಫಲ ಅದು. ಸಮುದ್ರದ ಉಪ್ಪನ್ನು ತೆಗೆಯಲು ಪಾತಾಳದ ಉಪ್ಪಿನಲ್ಲಿ ನೆನೆಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. “ಮಳೆ ಬರಲಿ,” ಎಂದರು. ಫೆಬ್ರುವರಿಯಲ್ಲಿ.

ಮೂರನೆಯ ದಿನ

ಮಾಡಲು ಕೆಲಸವಿಲ್ಲದ್ದರಿಂದ ಕೈವಾರಕ್ಕೆ ಹೋದೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಸ್ಥಳದ ನಂಬಿಕೆ. ಬಂಡಿ ತುಂಬ ಅನ್ನ ಹೋದ ದಾರಿ ಯಾವುದೆಂದು ಬಾಲ್ಯದಲ್ಲಿ ತಾತನನ್ನು ಕೇಳಿ ಬೈಸಿಕೊಂಡಿದ್ದೆ. ಆದರೆ ಕೈವಾರವೆಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ತಾತಯ್ಯನವರು, ಯೋಗಿ ನಾರೇಯಣರು. 1726ರಲ್ಲಿ ಹುಟ್ಟಿ 1836ರವರೆಗೆ, ನೂರಹತ್ತು ವರ್ಷ ಬದುಕಿದರೆಂದು ಪರಂಪರೆ ಹೇಳುತ್ತದೆ. ಬಳೆ ಮಾರುತ್ತಿದ್ದವರು, ಅಮರನಾರೇಯಣನ ಭಕ್ತರಾಗಿ ಕನ್ನಡ ತೆಲುಗು ಎರಡರಲ್ಲಿಯೂ ತತ್ತ್ವಪದ ಹಾಡಿದವರು. ಗುರು ಬಾಯಲ್ಲಿಟ್ಟುಕೊಳ್ಳಲು ಕೊಟ್ಟ ಬೆಣಚುಕಲ್ಲು ಕಲ್ಲುಸಕ್ಕರೆಯಾಗುವವರೆಗೆ ಮೂರು ವರ್ಷ ಗವಿಯಲ್ಲಿ ಜಪ ಮಾಡಿದರೆಂಬ ಕಥೆಯನ್ನು ಕೇಳದೆ ಬೆಳೆದ ಮಗು ಈ ತಾಲ್ಲೂಕಿನಲ್ಲಿ ಇರಲಾರದು.

ಗುರುಪೂರ್ಣಿಮೆಗೆ ಇಲ್ಲಿ ಎಪ್ಪತ್ತೆರಡು ಗಂಟೆಗಳ ಕಾಲ ಸಂಗೀತ ಎಡೆಬಿಡದೆ ನಡೆಯುತ್ತದೆ. ನಾನು ಹೋದ ದಿನ ಅಂಥ ಗದ್ದಲವಿರಲಿಲ್ಲ. ಆವರಣದ ನೆರಳಿನಲ್ಲಿ ಒಬ್ಬ ಹಿರಿಯರು ತಮಗೆ ತಾವೇ ಹಾಡಿಕೊಳ್ಳುತ್ತ ಕುಳಿತಿದ್ದರು. ಅವರ ತಂಬೂರಿ ಅಲಂಕಾರವೇನೂ ಇಲ್ಲದ್ದು, ಕೈ ತಾಗುವ ಕಡೆಯೆಲ್ಲ ಎಣ್ಣೆಗಪ್ಪು ಬಣ್ಣಕ್ಕೆ ತಿರುಗಿದ್ದು. ಸಭೆಯ ಸಂಗೀತಗಾರರ ತಂಬೂರಿಯನ್ನು ಹಿಂದೆ ಕುಳಿತವರು ಮೀಟುತ್ತಾರೆ. ತತ್ತ್ವಪದದವರು ಹಾಡುತ್ತ ತಾವೇ ಮೀಟುತ್ತಾರೆ, ಮೀಟುತ್ತ ನಡೆಯಲೂಬೇಕು. ಆದ್ದರಿಂದಲೇ ಅದು ಹೆಗಲಿಗೊರಗುವಷ್ಟು ಚಿಕ್ಕದು, ಹಗುರ. ಹಾಡು ಮುಗಿದಾಗ ನನ್ನ ಮರದ ಕಥೆ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ಭವಸಾಗರದ ಮಾತನ್ನು ಹೇಳಿದರು. ಮೂರನೆಯವರು.

ಸಂಜೆ ಇದನ್ನು ಆಚಾರ್ಯರಿಗೆ ಹೇಳಿ, ಮಳೆಯವರೆಗೆ ಕಾಯಲೇಬೇಕೇ ಎಂದು ಮತ್ತೊಮ್ಮೆ ಕೇಳಿದೆ. “ಕಲ್ಲು ಕಲ್ಲುಸಕ್ಕರೆ ಆಗೋಕೆ ತಾತಯ್ಯನವರಿಗೇ ಮೂರು ವರ್ಷ ಹಿಡೀತು. ನಿಮಗೆ ಉಪ್ಪು ಹೋಗೋಕೆ ಒಂದು ಮಳೆಗಾಲ ಜಾಸ್ತಿನಾ?”

ನಾಲ್ಕನೆಯ ದಿನ

ಶ್ರೀನಿವಾಸಪುರದ ಮಾರ್ಗವಾಗಿ ಮುಳಬಾಗಿಲಿಗೆ ಹೋಗಿ, ಅಲ್ಲಿಂದ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹಿಂದಿರುಗಿದೆ. ಸುತ್ತಿನ ದಾರಿಯೇ, ಆದರೆ ಊರಿನ ಹೊರಗಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ವ್ಯಾಸರಾಯರಿಗೆ ಪಾಠ ಹೇಳಿದವರು, ಹದಿನೈದನೆಯ ಶತಮಾನದಲ್ಲಿಯೇ ಕನ್ನಡದಲ್ಲಿ ದೇವರನಾಮಗಳನ್ನು ಹಾಡಿ ದಾಸರಿಗೆ ದಾರಿ ಮಾಡಿಕೊಟ್ಟವರು. ತಂಬೂರಿ ಹಿಡಿದವರ ಎರಡು ಪರಂಪರೆಗಳು, ದಾಸರದ್ದೂ ತತ್ತ್ವಪದದವರದ್ದೂ, ಹೀಗೆ ಒಂದು ದಿನದ ಬಸ್ ಪ್ರಯಾಣದ ಅಂತರದಲ್ಲಿವೆ. ಮುಳಬಾಗಿಲಿನಲ್ಲಿ ದೋಸೆ ತಿನ್ನದೆ ಬಂದವರನ್ನು ಈ ಕಡೆ ಯಾರೂ ನಂಬುವುದಿಲ್ಲವಾದ್ದರಿಂದ ತಿಂದೆ. ಹೆಗಲು ಖಾಲಿಯಾಗಿತ್ತು, ಲಗೇಜು ಟಿಕೆಟ್ಟಿನ ಗೋಜೂ ಇರಲಿಲ್ಲ.

ಹನ್ನೊಂದು ತಿಂಗಳ ನಂತರ, ಐದನೆಯ ದಿನ

ಮೇ ತಿಂಗಳ ಗುಡುಗು ಮಳೆಯಲ್ಲಿ ಸೂರಿನ ನೀರನ್ನು ಕಲ್ಲುತೊಟ್ಟಿಗೆ ಹಿಡಿದು, ಹದಿನೈದು ದಿನಗಳಲ್ಲಿ ಮೂರು ಬಾರಿ ನೀರು ಬದಲಿಸಿ, ಕುಡವನ್ನೂ ಮೇಲ್ಹಲಗೆಗೆ ಸೀಳಿಟ್ಟ ತುಂಡನ್ನೂ ನೆನೆಸಿದ್ದಾಗಿ ಆಚಾರ್ಯರು ಫೋನಿನಲ್ಲಿ ತಿಳಿಸಿದ್ದರು. ಆಮೇಲೆ ತುದಿಗಳಿಗೆ ಮೇಣ ಬಳಿದು, ಅಟ್ಟದ ಮೇಲೆ ಗಾಳಿಯಾಡುವಂತೆ ಮಲಗಿಸಿದ್ದರು. ದೀಪಾವಳಿಗೆ ಕೇಳಿದಾಗ ಇನ್ನೂ ಆಗಿಲ್ಲವೆಂದರು. ಸಂಕ್ರಾಂತಿ ಕಳೆದ ವಾರದಲ್ಲಿ ಅವರೇ ಕರೆದರು.

ಚಿಂತಾಮಣಿಯ ಬಸ್‌ನಿಲ್ದಾಣದಲ್ಲಿ ಇಳಿದಾಗ ಎಲ್ಲೆಡೆ ಅವರೆಕಾಯಿಯ ರಾಶಿ, ಅದರ ಸೊಗಡು. ಕೆಲಸದ ಮನೆಯಲ್ಲಿ ತಂಬೂರಿ ಬೆಂಚಿನ ಮೇಲೆ ಹಗ್ಗ ಬಿಗಿಸಿಕೊಂಡು, ಹಗ್ಗದ ನಡುನಡುವೆ ಬೆಣೆ ಹೊಡೆಸಿಕೊಂಡು ಮಲಗಿತ್ತು. ಮೇಲ್ಹಲಗೆಯನ್ನು ಅಂಟಿಸುವುದನ್ನು ನೋಡಬೇಕೆಂಬ ನನ್ನ ಆಸೆ ಈಡೇರಲಿಲ್ಲ. ಆ ವಾರ ಒಣ ಮೂಡಗಾಳಿ ಬೀಸಿತೆಂದು, ಅದು ನಿಲ್ಲುವ ಮೊದಲೇ, ತೊಗಲಿನಿಂದ ಕಾಯಿಸಿದ ವಜ್ರದ ಅಂಟು ಹಾಕಿ ಮುಗಿಸಿದ್ದರು. ಒಣಗಾಳಿಯೇ ಯಾಕೆ ಎಂದು ಕೇಳಿದೆ. ಮರ ತನ್ನಿಂದ ಸಾಧ್ಯವಾದಷ್ಟು ಕುಗ್ಗಿರುವಾಗ ಅಂಟಿಸಿದರೆ, ಮುಂದೆ ಅದಕ್ಕೆ ಹಿಗ್ಗುವುದೊಂದೇ ದಾರಿ. ಕುಗ್ಗುವ ಹಲಗೆ ಸೀಳುತ್ತದೆ, ಹಿಗ್ಗುವ ಹಲಗೆ ಬಾಗುತ್ತದೆ, ಬಾಗಿದ್ದನ್ನು ಸಹಿಸಬಹುದು. ಈ ತಂಬೂರಿ ಕುಂದಾಪುರದ ಮಳೆಗಾಲಕ್ಕೆ ಹೋಗುವಂಥದ್ದೆಂಬುದನ್ನು ಅವರು ಮರೆತಿರಲಿಲ್ಲ. ಮೇಲ್ಹಲಗೆಯನ್ನು ಕಣ್ಣಿಗೆ ಕಾಣದಷ್ಟು ಮಾತ್ರ ಉಬ್ಬಾಗಿ ಕೆತ್ತಿದ್ದರು. ಉಬ್ಬಿದರೆ ಮೇಲಕ್ಕೆ ಉಬ್ಬಲಿ, ಕುಡದೊಳಗೆ ಕುಸಿಯದಿರಲಿ ಎಂಬ ಲೆಕ್ಕ ಅದು. ಹಗ್ಗ ಬಿಚ್ಚಿದ ಮೇಲೆ ನಾನು ಅಂಗೈಯಿಟ್ಟು ಸವರಿದಾಗ ಮಾತ್ರ ಆ ಏರು ಗೊತ್ತಾಯಿತು. ಸಮುದ್ರ ನೋಡದವರು ಸಮುದ್ರದ ಗಾಳಿಗೆ ಜಾಗ ಬಿಟ್ಟು ಕೆಲಸ ಮಾಡಿದ್ದರು. ಮೇಲ್ಹಲಗೆಯ ಮೇಲೆ ಕುಳಿತು ತಂತಿಗಳನ್ನು ಹೊರುವ ಕುದುರೆ ಮಳೆಗಾಲದಲ್ಲಿ ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ, ಆಗ ತಂತಿಯ ಕೆಳಗಿನ ದಾರವನ್ನು, ಜೀವಾಳಿಯನ್ನು, ಸರಿಸಿಕೊಳ್ಳಬೇಕೆಂದು ಎಚ್ಚರಿಸಿದರು.

ಅದೇ ದಿನ ಗಂಗೊಳ್ಳಿಯಲ್ಲಿ ದೋಣಿ ನೀರಿಗಿಳಿಯಿತು. ಒಂದೇ ವಾರದಲ್ಲಿ ಎರಡೂ ಮುಗಿಯಬೇಕೆಂದು ಯಾರೂ ಯೋಜಿಸಿರಲಿಲ್ಲ. ಬಡಗಿಗಳು ಸಿಗದೆ ಅಲ್ಲಿಯ ಕೆಲಸ ಹಿಂದೆ ಬಿದ್ದಿತ್ತು. ಗೆಳೆಯರು ಕಳಿಸಿದ ಚಿತ್ರದಲ್ಲಿ ತೆಂಗಿನಕಾಯಿ ಒಡೆದ ಗುರುತು, ಕೂವೆ ಮರಕ್ಕೆ ಕಟ್ಟಿದ ಹೂಮಾಲೆ, ಇನ್ನೂ ಬಿಚ್ಚದೆ ಸುತ್ತಿಟ್ಟ ಹಾಯಿ ಕಾಣುತ್ತಿದ್ದವು. ಆಚಾರ್ಯರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ, ಹಲಗೆಯ ಸಂದಿಗಳನ್ನು ಮಾತ್ರ ಬಹಳ ಹೊತ್ತು ನೋಡಿದರು.

ಆರನೆಯ ದಿನ

ತಂತಿ ಕಟ್ಟುವ ದಿನ. ನಾಲ್ಕು ಬಿರಡೆ, ದಂಡಿಯ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಮೇರುವಿನ ಮೇಲೆ ನಾಲ್ಕು ಕಚ್ಚು. ಮೊದಲ ಮೂರು ಉಕ್ಕಿನವು, ಕೊನೆಯದು ಹಿತ್ತಾಳೆಯದು. ಪಂಚಮ, ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ. ಬಿರಡೆ ತಿರುಗಿಸಿ ಶ್ರುತಿ ಸೇರಿಸುವ ಕೆಲಸ ಬೇಗನೆ ಮುಗಿಯಿತು, ಆದರೆ ಮೀಟಿದಾಗ ಬಂದದ್ದು ಟಣ್ ಎಂದು ಮುಗಿದುಹೋಗುವ ಒಣ ಸದ್ದು. ನನ್ನ ಮುಖ ನೋಡಿ ಆಚಾರ್ಯರು, ಕುದುರೆ ಇನ್ನೂ ಕೂತಿಲ್ಲವೆಂದರು.

ತಂಬೂರಿಯ ನಾದವೆಲ್ಲ ಕುದುರೆಯ ಮೇಲಿನ ಒಂದು ಬೆರಳಗಲದಲ್ಲಿದೆ. ಕುದುರೆಯ ಬೆನ್ನು ಚೂಪಲ್ಲ, ಅಗಲವಾಗಿ ಸ್ವಲ್ಪವೇ ಬಾಗಿರುತ್ತದೆ. ಅದುರುವ ತಂತಿ ಆ ಬಾಗನ್ನು ಸವರುತ್ತ, ಬಿಡುತ್ತ, ಮತ್ತೆ ಸವರುತ್ತ ಹೋಗುತ್ತದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಶಬ್ದಶಾಸ್ತ್ರದ ಹಳೆಯ ನಿಯಮ. ತಂಬೂರಿ ವೀಣೆಗಳಲ್ಲಿ ಕುದುರೆಯ ಈ ರಚನೆಯಿಂದಾಗಿ ಅವೂ ಮೊಳಗುತ್ತವೆಂದು ಸಿ. ವಿ. ರಾಮನ್ 1921ರಲ್ಲಿ ತೋರಿಸಿದರು. ಆಚಾರ್ಯರು ಅದನ್ನು ಅರದಿಂದ ತೋರಿಸಿದರು. ತಂತಿ ಸಡಿಲಿಸಿ, ಕುದುರೆಯ ಬೆನ್ನನ್ನು ಎರಡು ಸಲ ಉಜ್ಜಿ, ತಂತಿ ಬಿಗಿದು, ಮೀಟಿ, ತಲೆಯಾಡಿಸಿ, ಮತ್ತೆ ಸಡಿಲಿಸಿ. ಮಧ್ಯಾಹ್ನದವರೆಗೂ ಇದೇ. ನಾನು ಎರಡು ಬಾರಿ ಚೆನ್ನಾಗಿದೆಯೆಂದೆ. ಎರಡೂ ಬಾರಿ ಅವರಿಗೆ ಕೇಳಿಸಲಿಲ್ಲ.

ಕೊನೆಗೆ ಜೀವಾಳಿ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ದಾರದ ತುಣುಕನ್ನು ತೂರಿಸಿ, ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿ ಬಾಯಿಬಿಡುತ್ತದೆ. ದಾರದ ಉಂಡೆ ಹುಡುಕಲು ಎದ್ದ ಆಚಾರ್ಯರ ಕಣ್ಣಿಗೆ, ಮೂಲೆಯಲ್ಲಿ ಹನ್ನೊಂದು ತಿಂಗಳಿನಿಂದ ಬಿದ್ದಿದ್ದ ಗೋಣಿಚೀಲ ಬಿತ್ತು. ಅದರ ತುದಿಯಲ್ಲಿ ಗಿಡಿದಿದ್ದ ದೋಣಿಯ ಹತ್ತಿಯಿಂದ ಒಂದು ಚಿಟಿಕೆ ಎಳೆದು, ಮೊಣಕಾಲಿನ ಕೆಳಗೆ ಅಂಗೈಯಿಂದ ಹೊಸೆದು, ಹಲ್ಲಿನಿಂದ ನಾಲ್ಕು ತುಂಡು ಮಾಡಿದರು. ಸಂದಿ ಮುಚ್ಚುವ ಹತ್ತಿ ಇದು ಎಂದು ನಾನು ಹೇಳುತ್ತಿದ್ದಂತೆಯೇ, ಮಂದ್ರ ಷಡ್ಜದ ಕೆಳಗೆ ದಾರ ಸರಿದು ಜಾಗಕ್ಕೆ ಬಂತು. ನಾದ ಎಲ್ಲಿಂದ ಹೊರಟಿತೆಂದು ತಿಳಿಯದಂತೆ ಕೆಲಸದ ಮನೆಯ ತುಂಬ ನಿಂತಿತು. ಪಕ್ಕದ ಕೋಣೆಯಲ್ಲಿ ಅವರೆಕಾಳು ಹಿಸುಕುತ್ತಿದ್ದ ಆಚಾರ್ಯರ ಮನೆಯವರು ಬಾಗಿಲಿಗೆ ಬಂದು ನಿಂತರು.

“ಸಾಕು,” ಎಂದು ಹೇಳಿ ಆಚಾರ್ಯರು ಕೈ ತೊಳೆಯಲು ಹೋದರು.

ರಾತ್ರಿ ಗೆಳೆಯರಿಗೆ ಫೋನ್ ಮಾಡಿ, ತಂಬೂರಿಯ ಕುಡದ ಹತ್ತಿರ ಹಿಡಿದು ನಾಲ್ಕೂ ತಂತಿಗಳನ್ನು ನಿಧಾನವಾಗಿ ಮೀಟಿದೆ. ಮಂದ್ರವನ್ನು ಹೊರುವ ಶಕ್ತಿ ಫೋನಿಗಿರಲಿಲ್ಲ. ಜೇನುಹುಳು ಗುಂಯ್‌ಗುಟ್ಟಿದ ಹಾಗೆ ಕೇಳುತ್ತಿದೆ ಎಂದರು ಅವರು. ನಾನು ಮತ್ತೊಮ್ಮೆ ಮೀಟಲು ಹೊರಟೆ. ಅವರ ಹಿಂದೆ ಬಕೆಟ್ಟಿನ ಸದ್ದು, ಯಾರೋ ಕೂಗಿ ಕರೆಯುತ್ತಿರುವುದು ಕೇಳಿಸಿತು.

“ನಾಳೆ ಕೇಂತೆ ಮಾರಾಯ್ರೆ, ಈಗ ನೀರ್ ಎತ್ತುಕೆ ಹೋಯ್ಕ್,” ಎಂದು ಅವರು ಫೋನ್ ಇಟ್ಟರು.